ಯಾವ ಜಿಮ್ ಸೇರಬೇಕು? ದುಡ್ಡು ಕಟ್ಟುವ ಮುಂಚೆ ಇಷ್ಟು ನೋಡಿ

“ಯಾವ ಜಿಮ್ ಸೇರಲಿ ಹೇಳಿ” ಅಂತ ಕೇಳುವವರು ವರ್ಷದಲ್ಲಿ ಮೂರು ಸಲ ಜಾಸ್ತಿಯಾಗುತ್ತಾರೆ. ಜನವರಿ ಮೊದಲ ವಾರ, ಮದುವೆ ಸೀಸನ್ನಿಗೆ ಎರಡು ತಿಂಗಳು ಮುಂಚೆ, ಆಮೇಲೆ ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಕೈಗೆ ಬಂದ ಮಾರನೇ ದಿನ. ಹೆಚ್ಚಿನವರು ಎರಡು ಜಿಮ್ ಹೆಸರು ಹೇಳಿ, ಯಾವುದರಲ್ಲಿ ಮಷೀನ್ ಚೆನ್ನಾಗಿದೆ, ಯಾವುದರಲ್ಲಿ ಆಫರ್ ಇದೆ ಅಂತ ವಿಚಾರಿಸುತ್ತಾರೆ. ನನ್ನ ಪ್ರಕಾರ ಇವೆರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು. ವರ್ಷದ ಫೀಸ್ ಕಟ್ಟಿ ಅರ್ಧಕ್ಕೇ ಬಿಟ್ಟವರನ್ನು ಮಾತಾಡಿಸಿ ನೋಡಿ. ಮಷೀನ್ ಸರಿಯಿರಲಿಲ್ಲ ಅನ್ನುವವರು ಕಮ್ಮಿ. ದೂರ ಆಯ್ತು, ಟೈಮ್ ಹೊಂದಲಿಲ್ಲ, ಅಲ್ಲಿ ಯಾರೂ ಹೇಳಿಕೊಡಲಿಲ್ಲ, ಮುಜುಗರ ಆಗ್ತಿತ್ತು ಅನ್ನುವವರೇ ಜಾಸ್ತಿ. ಹಾಗಾಗಿ ಈ ಲೇಖನದ ಲೆಕ್ಕ ಇಷ್ಟೇ: ಮೂರನೇ ತಿಂಗಳಲ್ಲೂ ನೀವು ಹೋಗುತ್ತಿರುವಂಥ ಜಿಮ್ ಹುಡುಕುವುದು, ಅಲ್ಲಿಯವರೆಗೆ ದೊಡ್ಡ ಮೊತ್ತ ಕಟ್ಟದೇ ಇರುವುದು.

ಇದಕ್ಕೆ ಒಂದು ವಾರ ಬಿಡುವು ಮಾಡಿಕೊಳ್ಳಿ. ಮನೆ ಹತ್ತಿರದ ಮೂರು ಜಿಮ್ ಆರಿಸಿಕೊಳ್ಳಿ. ವಾಕಿಂಗ್ ಶೂ, ಒಂದು ಟವೆಲ್, ನೀರಿನ ಬಾಟಲಿ, ಬರೆದುಕೊಳ್ಳಲು ಫೋನ್ ಇದ್ದರೆ ಸಾಕು. ಕಾರ್ಡು, ಚೆಕ್‌ಬುಕ್ಕು ಮನೆಯಲ್ಲೇ ಇರಲಿ.

1. ನಿಮಗೆ ಏನು ಬೇಕು ಅಂತ ಒಂದು ಸಾಲು ಬರೆಯಿರಿ

“ಫಿಟ್ ಆಗಬೇಕು” ಅಂತ ಬರೆದರೆ ಉಪಯೋಗವಿಲ್ಲ. “ಶುಗರ್ ಹತೋಟಿಗೆ ಬರಬೇಕು, ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಒಂದು ಗಂಟೆ ಕೊಡಬಲ್ಲೆ”, “ಮಂಡಿ ನೋವಿದೆ, ಕಾಲಿಗೆ ಬಲ ಬರಬೇಕು”, “ಭಾರ ಎತ್ತುವುದನ್ನು ಸರಿಯಾಗಿ ಕಲಿಯಬೇಕು” ಅಂತ ಬರೆಯಿರಿ. ಈ ಸಾಲನ್ನೇ ಮುಂದೆ ಪ್ರತಿ ಜಿಮ್ಮಿನಲ್ಲೂ ಹೇಳಬೇಕು, ಅವರ ಉತ್ತರ ಕೇಳಬೇಕು.

ಎಷ್ಟು ವ್ಯಾಯಾಮ ಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಅಳತೆ ಇದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮಧ್ಯಮ ಶ್ರಮ ಅಂದರೆ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅನ್ನುವಷ್ಟು ಉಸಿರು ಏರುವುದು. ಚುರುಕಾಗಿ ನಡೆದರೆ ಮೊದಲನೆಯದು ಬಿಟ್ಟಿಯಾಗಿ ಮುಗಿಯುತ್ತದೆ. ಜಿಮ್ ನಿಜಕ್ಕೂ ಕೆಲಸಕ್ಕೆ ಬರುವುದು ಎರಡನೆಯದಕ್ಕೆ. ಬರೀ ಟ್ರೆಡ್‌ಮಿಲ್ ಮೇಲೆ ನಡೆಯುವುದಕ್ಕೆ ದುಡ್ಡು ಕಟ್ಟುವ ಯೋಚನೆ ಇದ್ದರೆ ಪಕ್ಕದ ಪಾರ್ಕ್ ಒಮ್ಮೆ ನೋಡಿ ಬನ್ನಿ. ಬೆಂಗಳೂರಿನ ಎಷ್ಟೋ ಪಾರ್ಕುಗಳಲ್ಲಿ ಈಗ ತೆರೆದ ಜಿಮ್ ಇದೆ. ಕೆಲವು ಜಿಲ್ಲಾ ಕ್ರೀಡಾಂಗಣಗಳಲ್ಲಿ ಕ್ರೀಡಾ ಇಲಾಖೆಯ ಜಿಮ್ ಕಡಿಮೆ ಶುಲ್ಕಕ್ಕೆ ಸಿಗುತ್ತದೆ. ಮೈಸೂರು ಕಡೆಯವರಿಗೆ ಗರಡಿ ಮನೆಯೂ ಇದೆ. ದಂಡ, ಬಸ್ಕಿ, ಗದೆ ತಿರುಗಿಸುವುದು ಯಾವ ಮಷೀನಿಗೂ ಕಮ್ಮಿಯಿಲ್ಲ.

ಎಚ್ಚರಿಕೆ: 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ವ್ಯಾಯಾಮದ ಬೆನ್ನಲ್ಲೇ ಹೃದಯಾಘಾತವಾಗಿ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದು ನಿಮಗೆ ನೆನಪಿರಬಹುದು. ಇವತ್ತಿಗೂ “ಜಿಮ್‌ಗೆ ಹೋದರೆ ಹಾರ್ಟಿಗೆ ತೊಂದರೆಯಾ?” ಅಂತ ಕೇಳುವವರಿದ್ದಾರೆ. ವ್ಯಾಯಾಮ ಬಿಟ್ಟುಬಿಡುವುದು ಅದಕ್ಕೆ ಪರಿಹಾರ ಅಲ್ಲ. ಆದರೆ ನಲವತ್ತು ದಾಟಿ ಈಗಷ್ಟೇ ಶುರು ಮಾಡುವವರು, ಬಿಪಿ, ಶುಗರ್ ಇರುವವರು, ಸಿಗರೇಟು ಸೇದುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಅಂಥವರು ಮೊದಲು ಡಾಕ್ಟರ ಹತ್ತಿರ ಹೋಗಿ. ಹೆರಿಗೆ ಆದವರು, ಆಪರೇಷನ್ ಆದವರು, ಸೊಂಟದ ಡಿಸ್ಕ್ ತೊಂದರೆ ಇರುವವರಿಗೂ ಇದೇ ಮಾತು. ಯಾವ ವ್ಯಾಯಾಮ ಬೇಡ ಅನ್ನುವುದನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.

2. ದೂರವನ್ನು ನಿಮಿಷದಲ್ಲಿ ಅಳೆಯಿರಿ

ಮನೆಯಿಂದ ಅಥವಾ ಆಫೀಸಿನಿಂದ ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಮ್ಯಾಪಿನಲ್ಲಿ ಎರಡು ಕಿಲೋಮೀಟರ್ ಅಂತ ಕಂಡರೆ ನಂಬಬೇಡಿ. ಬೆಂಗಳೂರಿನಲ್ಲಿ ಸಂಜೆ ಏಳಕ್ಕೆ ಎರಡು ಕಿಲೋಮೀಟರ್ ಅಂದರೆ ಏನು ಅಂತ ನಿಮಗೇ ಗೊತ್ತು. ಜಿಮ್ ರಸ್ತೆಯ ಆಚೆ ಬದಿಗಿದ್ದು ಯೂ ಟರ್ನ್ ಒಂದು ಕಿಲೋಮೀಟರ್ ಮುಂದಿದ್ದರೆ ಅದೂ ದೂರವೇ. ಮನೆಗೆ ಹೋಗುವ ದಾರಿಯಲ್ಲಿ ಎಡಗಡೆಗೆ ಸಿಗುವ ಸಾಧಾರಣ ಜಿಮ್ಮು ಊರಾಚೆಯ ಒಳ್ಳೇ ಜಿಮ್ಮಿಗಿಂತ ವಾಸಿ.

ಗಾಡಿ ನಿಲ್ಲಿಸಲು ಜಾಗ ಇದೆಯಾ, ಮಳೆಗಾಲದಲ್ಲಿ ಆ ರಸ್ತೆಯಲ್ಲಿ ನೀರು ನಿಲ್ಲುತ್ತದಾ, ರಾತ್ರಿ ಒಂಬತ್ತಕ್ಕೆ ಅಲ್ಲಿ ಬೀದಿದೀಪ ಉರಿಯುತ್ತದಾ, ಇದನ್ನೂ ನೋಡಿ. ನಮ್ಮಲ್ಲಿ ಬಹಳ ಜಿಮ್‌ಗಳು ಮೂವತ್ತಕ್ಕೆ ನಲವತ್ತು ಅಡಿ ಸೈಟಿನ ಮೂರನೇ ಮಹಡಿಯಲ್ಲಿರುತ್ತವೆ, ಲಿಫ್ಟ್ ಇರುವುದಿಲ್ಲ. ಮಂಡಿ ನೋವಿನವರಿಗೆ ಹತ್ತುವುದು ಹೇಗೋ ನಡೆಯುತ್ತದೆ, ಕಾಲಿನ ವ್ಯಾಯಾಮ ಮುಗಿಸಿ ಇಳಿಯುವುದು ಕಷ್ಟ.

3. ನೀವು ಹೋಗುವ ಹೊತ್ತಿಗೇ ಹೋಗಿ ನೋಡಿ

ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುತ್ತೀರಿ ಅಂತಾದರೆ ಇದನ್ನು ಪಾಲಿಸಿ. ಜಿಮ್ಮಿನವರು “ಮಧ್ಯಾಹ್ನ ಬನ್ನಿ, ಆರಾಮಾಗಿ ತೋರಿಸ್ತೀವಿ” ಅನ್ನುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಜಿಮ್ಮೂ ಚೆಂದ. ನೆಲ ಒರೆಸಿರುತ್ತಾರೆ, ಎಸಿ ತಣ್ಣಗಿರುತ್ತದೆ, ಎಲ್ಲ ಮಷೀನೂ ಖಾಲಿ. ನೀವು ಹೋಗಬೇಕಾದ್ದು ಬೆಳಗ್ಗೆ ಆರೂವರೆಗೆ ಅಥವಾ ಸಂಜೆ ಏಳೂವರೆಗೆ, ಅದೂ ಸೋಮವಾರ. ಭಾನುವಾರ ರಜಾ ಮುಗಿಸಿ ಎಲ್ಲರೂ ಒಟ್ಟಿಗೆ ಬರುವ ದಿನ ಅದು.

ಒಳಗೆ ಹೋಗಿ ಒಂದು ಮೂಲೆಯಲ್ಲಿ ಇಪ್ಪತ್ತು ನಿಮಿಷ ಸುಮ್ನೆ ನಿಲ್ಲಿ. ಬೆಂಚಿಗೆ ಎಷ್ಟು ಜನ ಕಾಯುತ್ತಿದ್ದಾರೆ? ಒಂದೊಂದು ಸೆಟ್‌ಗೂ ಐದೈದು ನಿಮಿಷ ಕಾಯುವಂತಿದ್ದರೆ ನಿಮ್ಮ ಒಂದು ಗಂಟೆ ಎರಡು ಗಂಟೆಯಾಗುತ್ತದೆ. (ಒಂದು ವ್ಯಾಯಾಮವನ್ನು ಒಮ್ಮೆ ಮಾಡಿದರೆ ಒಂದು ರೆಪ್. ಬಿಡದೆ ಹತ್ತು ಹನ್ನೆರಡು ರೆಪ್ ಮಾಡಿದರೆ ಒಂದು ಸೆಟ್.) ಡಂಬೆಲ್‌ಗಳು ಸ್ಟ್ಯಾಂಡಿನಲ್ಲಿ ಇವೆಯಾ, ಕಾಲಿಗೆ ತೊಡರುವಂತೆ ನೆಲದ ಮೇಲೆ ಬಿದ್ದಿವೆಯಾ? ಎದ್ದು ಹೋದವರು ಬೆಂಚಿನ ಬೆವರು ಒರೆಸಿದರಾ? ಹೊರಗೆ ಹಾಕಿದ ಚಪ್ಪಲಿ, ಶೂನಲ್ಲೇ ಜನ ಒಳಗೆ ಬರುತ್ತಿದ್ದಾರಾ?

ಟ್ರೇನರ್ ಎಲ್ಲಿದ್ದಾರೆ ನೋಡಿ. ರಿಸೆಪ್ಷನ್ ಹತ್ತಿರ ಫೋನ್ ಹಿಡಿದು ನಿಂತಿದ್ದಾರೋ, ಹೊಸಬರ ಬೆನ್ನು ಬಾಗಿದ್ದನ್ನು ಕಂಡು ಹೋಗಿ ಸರಿಮಾಡುತ್ತಿದ್ದಾರೋ? ಗಡ್ಡ ನೆರೆತವರು, ದಪ್ಪಗಿರುವವರು, ನಿಮ್ಮ ವಯಸ್ಸಿನವರು ಅಲ್ಲಿ ಇದ್ದಾರಾ? ಇಪ್ಪತ್ತೈದರ ಒಳಗಿನ ಹುಡುಗರೇ ತುಂಬಿ, ಹಾಡಿನ ಸದ್ದಿಗೆ ಪಕ್ಕದವರ ಮಾತು ಕೇಳದಂತಿದ್ದರೆ ಐವತ್ತು ದಾಟಿದವರು ಅಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಹುಡುಗರ ಮೇಲೆ ದೂರಲ್ಲ ಇದು, ಅವರಿಗೆ ಅದು ಸರಿಯಾದ ಜಿಮ್ಮೇ.

ಕರೆಂಟು ಹೋದರೆ ಏನಾಗುತ್ತದೆ ಅಂತ ಕೇಳಿ. ಜಿಲ್ಲಾ, ತಾಲ್ಲೂಕು ಕೇಂದ್ರಗಳಲ್ಲಿ ಇದು ಬಹಳ ಮುಖ್ಯ. ಜನರೇಟರ್ ಅಥವಾ ಯುಪಿಎಸ್ ಇಲ್ಲದ ಕಡೆ ಓಡುತ್ತಿರುವ ಟ್ರೆಡ್‌ಮಿಲ್ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಓಡುತ್ತಿರುವವರು ಮುಗ್ಗರಿಸುತ್ತಾರೆ. ಲೈಟ್ ಹೋದ ತಳಮಹಡಿಯಲ್ಲಿ ಎದೆ ಮೇಲೆ ಬಾರ್ ಹಿಡಿದು ಮಲಗಿರುವ ಸ್ಥಿತಿಯನ್ನೂ ಸ್ವಲ್ಪ ಊಹಿಸಿಕೊಳ್ಳಿ.

ಮಹಿಳೆಯರು ಇನ್ನೂ ಕೆಲವು ನೋಡಬೇಕು. “ಲೇಡೀಸ್ ಬ್ಯಾಚ್ ಇದೆ ಮೇಡಂ” ಅಂದ ತಕ್ಷಣ ಒಪ್ಪಬೇಡಿ, ಎಷ್ಟು ಹೊತ್ತಿಗೆ ಅಂತ ಕೇಳಿ. ಬಹಳ ಕಡೆ ಅದು ಬೆಳಗ್ಗೆ ಹತ್ತರಿಂದ ಹನ್ನೆರಡು ಅಥವಾ ಮಧ್ಯಾಹ್ನ ಮೂರರ ನಂತರ ಇರುತ್ತದೆ. ಕೆಲಸಕ್ಕೆ ಹೋಗುವವರಿಗೆ ಎರಡೂ ಪ್ರಯೋಜನಕ್ಕೆ ಬಾರದ ಹೊತ್ತು. ಆ ಬ್ಯಾಚಿನಲ್ಲಿ ಮಹಿಳಾ ಟ್ರೇನರ್ ಪೂರ್ತಿ ಹೊತ್ತು ಇರುತ್ತಾರಾ? ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಸರಿಯಾಗಿ ಬೀಳುತ್ತದಾ? ಸಿಸಿಟಿವಿ ಯಾವ ಕಡೆಗೆ ಮುಖ ಮಾಡಿದೆ? ಒಳಗೆ ಯಾರು ಬೇಕಾದರೂ ವಿಡಿಯೊ ಮಾಡಬಹುದಾ, ಅದಕ್ಕೊಂದು ನಿಯಮ ಇದೆಯಾ? ಮಿಕ್ಸೆಡ್ ಬ್ಯಾಚ್ ಆದರೆ ಆ ಹೊತ್ತಿನಲ್ಲಿ ಇನ್ನೂ ನಾಲ್ಕು ಜನ ಮಹಿಳೆಯರು ಭಾರ ಎತ್ತುವ ಕಡೆ ಇದ್ದಾರಾ, ಅಥವಾ ಎಲ್ಲರೂ ಟ್ರೆಡ್‌ಮಿಲ್ ಸಾಲಿಗೇ ಸೀಮಿತವಾಗಿದ್ದಾರಾ ನೋಡಿ. ಅಲ್ಲಿನ ವಾತಾವರಣ ಹೇಗಿದೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಹೊರಗೆ ಬಂದ ಮೇಲೆ ಪಾರ್ಕಿಂಗ್ ಹತ್ತಿರ ಯಾರಾದರೂ ಸದಸ್ಯರು ಸಿಕ್ಕರೆ ಎರಡು ಮಾತಾಡಿಸಿ. “ಎಷ್ಟು ದಿನದಿಂದ ಬರ್ತಿದ್ದೀರಾ? ಕೆಟ್ಟ ಮಷೀನ್ ಎಷ್ಟು ದಿನಕ್ಕೆ ರಿಪೇರಿ ಆಗುತ್ತೆ? ಟ್ರೇನರ್ ಪದೇ ಪದೇ ಬದಲಾಗ್ತಾರಾ?” ಈ ಮೂರಕ್ಕೆ ಸಿಗುವ ಉತ್ತರ ರಿಸೆಪ್ಷನ್ನಿನ ಬಣ್ಣದ ಪುಸ್ತಕದಲ್ಲಿ ಸಿಗುವುದಿಲ್ಲ.

4. ಸಾಮಾನು: ಮುಟ್ಟಿ ನೋಡಿ, ಎಣಿಸುತ್ತಾ ಕೂರಬೇಡಿ

“ನಮ್ಮಲ್ಲಿ ಐವತ್ತು ಮಷೀನ್ ಇದೆ” ಅಂದರೆ ನಿಮಗೆ ಆಗಬೇಕಾದ್ದೇನೂ ಇಲ್ಲ. ಹೊಸಬರಿಗೆ ಬೇಕಾದ್ದು ಕಮ್ಮಿ: ಎರಡೂವರೆ ಕೆಜಿಯಿಂದ ಶುರುವಾಗುವ ಡಂಬೆಲ್ ಜೊತೆಗಳು, ಒರಗುವ ಹಲಗೆಯ ಓರೆ ಬದಲಿಸಬಹುದಾದ ಬೆಂಚು, ಒಂದು ಕೇಬಲ್ ಮಷೀನು (ತಂತಿ ಎಳೆದು ಭಾರ ಎತ್ತುವಂಥದ್ದು), ಕಾಲಿಗೆ ಲೆಗ್ ಪ್ರೆಸ್ (ಕೂತು ಕಾಲಿನಿಂದ ಭಾರ ತಳ್ಳುವ ಮಷೀನು), ಮೈ ಬೆಚ್ಚಗಾಗಲು ಸೈಕಲ್ಲೋ ಟ್ರೆಡ್‌ಮಿಲ್ಲೋ, ಮಲಗಿ ಮಾಡುವ ವ್ಯಾಯಾಮಕ್ಕೆ ಖಾಲಿ ಜಾಗ.

ಬಾರ್ಬೆಲ್, ಅಂದರೆ ಎರಡೂ ತುದಿಗೆ ತೂಕದ ಪ್ಲೇಟ್ ಹಾಕಿ ಎತ್ತುವ ಉದ್ದ ಬಾರ್, ಕಲಿಯುವ ಆಸೆ ಇದ್ದರೆ ಸ್ಕ್ವಾಟ್ ರ್ಯಾಕ್ ಇರಲೇಬೇಕು. ಇದು ಬಾರನ್ನು ಭುಜದ ಎತ್ತರಕ್ಕೆ ಇಡುವ ಕಬ್ಬಿಣದ ಚೌಕಟ್ಟು. ಅದರ ಎರಡೂ ಬದಿಗೆ ಅಡ್ಡ ಸರಳು ಇರಬೇಕು. ಕೂತು ಏಳಲು ಆಗದೇ ಹೋದರೆ ಬಾರ್ ಆ ಸರಳಿನ ಮೇಲೆ ಕೂರುತ್ತದೆ, ನಿಮ್ಮ ಮೇಲೆ ಬೀಳುವುದಿಲ್ಲ. ಸ್ಮಿತ್ ಮಷೀನ್ ತೋರಿಸಿ “ಇದೇ ರ್ಯಾಕ್” ಅನ್ನುವವರಿದ್ದಾರೆ. ಅದರಲ್ಲಿ ಬಾರ್ ಕಂಬಿಗೆ ಸಿಕ್ಕಿಸಿದ್ದು, ಕಂಬಿ ಹಿಡಿದೇ ಮೇಲೆ ಕೆಳಗೆ ಹೋಗುತ್ತದೆ. ಅದೂ ಉಪಯೋಗಕ್ಕೆ ಬರುತ್ತದೆ, ಆದರೆ ರ್ಯಾಕಿನ ಬದಲಿಗೆ ಅಲ್ಲ. ಇನ್ನೊಂದು ವಿಷಯ: ಒಲಿಂಪಿಕ್ ಬಾರ್ ಪ್ಲೇಟ್ ಹಾಕದೆಯೇ 20 ಕೆಜಿ ಇರುತ್ತದೆ, ಮಹಿಳೆಯರ ಬಾರ್ 15 ಕೆಜಿ. ಅದಕ್ಕಿಂತ ಹಗುರವಾದ ಬಾರ್ ಇದೆಯಾ, 1.25 ಕೆಜಿಯ ಸಣ್ಣ ಪ್ಲೇಟ್ ಇದೆಯಾ ಕೇಳಿ. ಬರೀ ದೊಡ್ಡ ಪ್ಲೇಟ್ ಇಟ್ಟುಕೊಂಡ ಜಿಮ್ಮಿಗೆ ಹೊಸಬರ ಮೇಲೆ ಗಮನ ಇಲ್ಲ ಅಂತಲೇ ಅರ್ಥ.

ಮುಟ್ಟಿ ನೋಡಬೇಕಾದ್ದು: ಕೇಬಲ್ಲಿನ ತಂತಿ ಎಳೆ ಬಿಚ್ಚಿಕೊಂಡಿದೆಯಾ, ಬೆಂಚು ಅಲುಗಾಡುತ್ತದಾ, ಡಂಬೆಲ್ಲಿನ ತಲೆ ತಿರುಗುತ್ತದಾ, ಟ್ರೆಡ್‌ಮಿಲ್ಲಿನಲ್ಲಿ ಬಟ್ಟೆಗೆ ಸಿಕ್ಕಿಸಿಕೊಳ್ಳುವ ಸುರಕ್ಷಾ ಕ್ಲಿಪ್ ಇದೆಯಾ. ಬಿದ್ದರೆ ಮಷೀನ್ ನಿಲ್ಲಿಸುವುದೇ ಆ ಕ್ಲಿಪ್ಪು. ಬಹಳ ಕಡೆ ಕಳೆದುಹೋಗಿರುತ್ತದೆ, ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ.

5. ಟ್ರೇನರ್‌ಗಳ ಹತ್ತಿರ ಮಾತಾಡಿ

ಜಿಮ್ಮಿನಲ್ಲಿ ಎರಡು ಥರದ ಟ್ರೇನರ್ ಇರುತ್ತಾರೆ. ಫ್ಲೋರ್ ಟ್ರೇನರ್ ಎಲ್ಲರಿಗೂ ಸೇರಿದವರು, ಅವರ ಸಂಬಳ ನಿಮ್ಮ ಫೀಸಿನಲ್ಲೇ ಇದೆ. ಪರ್ಸನಲ್ ಟ್ರೇನರ್, ಅಂದರೆ ಪಿ.ಟಿ., ನಿಮಗೊಬ್ಬರಿಗೇ ಹೇಳಿಕೊಡುವವರು. ಅದಕ್ಕೆ ಬೇರೆ ದುಡ್ಡು, ಎಷ್ಟೋ ಸಲ ಜಿಮ್ ಫೀಸಿಗಿಂತ ಜಾಸ್ತಿ. ಪಿ.ಟಿ. ಮಾರಿದರೆ ಟ್ರೇನರ್‌ಗೆ ಕಮಿಷನ್ ಇರುವುದು ಮಾಮೂಲು. ಹಾಗಾಗಿ ಕೆಲವು ಕಡೆ ಪಿ.ಟಿ. ತೆಗೆದುಕೊಳ್ಳದವರ ಕಡೆ ತಿರುಗಿಯೂ ನೋಡುವುದಿಲ್ಲ. “ಪಿ.ಟಿ. ಇಲ್ಲದೆ ಸೇರಿದರೆ ಮೊದಲ ತಿಂಗಳು ಯಾರು ಹೇಳಿಕೊಡ್ತಾರೆ? ಎಷ್ಟು ದಿನ?” ಅಂತ ನೇರವಾಗಿ ಕೇಳಿ. ಹೆಸರು ಹೇಳಿ ಪರಿಚಯ ಮಾಡಿಸಿದರೆ ಒಳ್ಳೇದು. “ಎಲ್ಲರೂ ಇರ್ತಾರೆ ಸರ್” ಅಂದರೆ ಯಾರೂ ಇರುವುದಿಲ್ಲ.

ಸರ್ಟಿಫಿಕೇಟ್ ಕೇಳಲು ಸಂಕೋಚ ಬೇಡ. ಎಸಿಇ, ಎಸಿಎಸ್‌ಎಂ, ಎನ್‌ಎಎಸ್‌ಎಂ ಅನ್ನುವವು ಅಮೆರಿಕದ ಸಂಸ್ಥೆಗಳ ಸರ್ಟಿಫಿಕೇಟುಗಳು. ನಮ್ಮ ದೇಶದಲ್ಲಿ ಕೆ11 ಥರದ ಅಕಾಡೆಮಿಗಳಿವೆ, ಸರ್ಕಾರದ ಕೌಶಲ ಯೋಜನೆಯಡಿ ಬರುವ ಫಿಟ್ನೆಸ್ ಟ್ರೇನರ್ ಕೋರ್ಸುಗಳೂ ಇವೆ. ಆದರೆ ಗೋಡೆಗೆ ಹಾಕಿದ ಫ್ರೇಮ್ ನೋಡಿ ಸುಮ್ಮನಾಗಬೇಡಿ. ಅದರಲ್ಲಿರುವ ಹೆಸರಿನವರು ನಿಮ್ಮ ಹೊತ್ತಿಗೆ ಬರುತ್ತಾರಾ ವಿಚಾರಿಸಿ.

ಇದಕ್ಕಿಂತ ಒಳ್ಳೇ ಪರೀಕ್ಷೆ ಇನ್ನೊಂದಿದೆ. ಮೊದಲ ಹಂತದಲ್ಲಿ ಬರೆದ ಸಾಲನ್ನು ಅವರಿಗೆ ಹೇಳಿ. ಒಳ್ಳೇ ಟ್ರೇನರ್ ತಕ್ಷಣ ವಾಪಸ್ ಪ್ರಶ್ನೆ ಕೇಳುತ್ತಾರೆ: ಯಾವ ಮಾತ್ರೆ ತಗೋತೀರಿ? ಮುಂಚೆ ಏಟಾಗಿದೆಯಾ? ನಿದ್ದೆ ಎಷ್ಟು? ಕೂತು ಮಾಡುವ ಕೆಲಸವಾ, ನಿಂತು ಮಾಡುವ ಕೆಲಸವಾ? ಒಂದೂ ಪ್ರಶ್ನೆ ಕೇಳದೆ “ಮೂರು ತಿಂಗಳಲ್ಲಿ ಹದಿನೈದು ಕೆಜಿ ಇಳಿಸಿಕೊಡ್ತೀನಿ” ಅನ್ನುವವರಿಗೆ ನಮಸ್ಕಾರ ಹೇಳಿ ಬಂದುಬಿಡಿ. ಮೊದಲ ದಿನವೇ ಪ್ರೋಟೀನ್ ಡಬ್ಬ ತೋರಿಸುವವರಿಗೂ ಅಷ್ಟೇ. ಪ್ರೋಟೀನ್ ಪುಡಿ ವಿಷವೇನಲ್ಲ, ಆದರೆ ಎಲ್ಲರಿಗೂ ಬೇಕಾದ್ದೂ ಅಲ್ಲ. ಬೇಳೆ, ಮೊಟ್ಟೆ, ಮೊಸರು, ಕಡಲೆಕಾಯಿ, ಮೀನು ತಿನ್ನುವ ಮನೆಯಲ್ಲಿ ಅದರ ಯೋಚನೆ ಆಮೇಲೆ ಮಾಡಬಹುದು. ತಗೊಂಡರೂ ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು, ಬಿಲ್ ಕೊಡಬೇಕು. ಇಂಜೆಕ್ಷನ್ ಮಾತು ಎತ್ತಿದರೆ ಅದು ಸಾಮಾನ್ಯವಾಗಿ ಸ್ಟೆರಾಯ್ಡ್. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿ ಅದು, ಅಂಥ ಜಿಮ್ಮಿನ ಮೆಟ್ಟಿಲನ್ನೇ ಹತ್ತಬೇಡಿ.

ಬಿಟ್ಟಿ “ಬಾಡಿ ಅನಾಲಿಸಿಸ್” ಬಗ್ಗೆ ಒಂದು ಮಾತು. ಕೈಯಲ್ಲಿ ಹಿಡಿ ಕೊಟ್ಟು, ಬರಿಗಾಲಲ್ಲಿ ಲೋಹದ ತಟ್ಟೆ ಮೇಲೆ ನಿಲ್ಲಿಸಿ, ಮೈಯಲ್ಲಿ ಎಷ್ಟು ಕೊಬ್ಬು ಎಷ್ಟು ಸ್ನಾಯು ಅಂತ ಚೀಟಿ ಮುದ್ರಿಸಿ ಕೊಡುತ್ತಾರೆ. ಸಣ್ಣ ವಿದ್ಯುತ್ತನ್ನು ದೇಹದಲ್ಲಿ ಹಾಯಿಸಿ ಮಾಡುವ ಅಂದಾಜು ಅದು. ನೀರು ಕುಡಿದಿದ್ದೀರಾ, ಊಟ ಆಗಿದೆಯಾ ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಚೀಟಿಯಲ್ಲಿ ಕೆಂಪು ಗುರುತು ಕಂಡು ಹೆದರಿ ಪಿ.ಟಿ. ಪ್ಯಾಕೇಜಿಗೆ ಸಹಿ ಹಾಕಿದವರು ಬೇಕಾದಷ್ಟು ಜನ ಇದ್ದಾರೆ.

6. ಸುರಕ್ಷತೆ, ಶುಚಿ

ಇಲ್ಲಿ ಹೆಚ್ಚು ಹೇಳುವುದಿಲ್ಲ, ಕಣ್ಣಿಗೇ ಕಾಣುತ್ತದೆ. ಶೌಚಾಲಯಕ್ಕೆ ಹೋಗಿ ಬನ್ನಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ತಳಮಹಡಿಯ ಜಿಮ್ ಆದರೆ ಗಾಳಿ ಆಡುತ್ತದಾ, ಹೊರಗೆ ಬರಲು ಎರಡನೇ ದಾರಿ ಇದೆಯಾ, ಆ ದಾರಿಗೆ ಹಳೇ ಮಷೀನ್ ಅಡ್ಡ ಇಟ್ಟಿದ್ದಾರಾ ನೋಡಿ. ಸಿಪಿಆರ್ ಬಲ್ಲವರು ಯಾರು ಅಂತ ಕೇಳಿ. ಹೃದಯ ನಿಂತಾಗ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತುವ ಪ್ರಥಮ ಚಿಕಿತ್ಸೆ ಅದು. ಟ್ರೇನರ್ ಆದವರಿಗೆ ಗೊತ್ತಿರಲೇಬೇಕು. ವ್ಯಾಯಾಮದ ಮಧ್ಯೆ ಎದೆ ಬಿಗಿತ, ಎಡಗೈ ಅಥವಾ ದವಡೆ ನೋವು, ವಿಪರೀತ ಬೆವರು, ತಲೆಸುತ್ತು ಬಂದರೆ “ಗ್ಯಾಸ್ಟ್ರಿಕ್ ಇರಬೇಕು” ಅಂತ ಕೂರಬೇಡಿ. ಅಲ್ಲೇ ನಿಲ್ಲಿಸಿ, 108ಕ್ಕೆ ಕರೆ ಮಾಡಿಸಿ.

7. ದುಡ್ಡಿನ ಲೆಕ್ಕ

ಇಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು. ಒಂದು ಉದಾಹರಣೆ ತಗೊಳ್ಳೋಣ. ತಿಂಗಳಿಗೆ 2,000, ವರ್ಷಕ್ಕೆ 12,000 ಅಂತ ಬೋರ್ಡ್ ಇದೆ ಅಂದುಕೊಳ್ಳಿ. ವರ್ಷದ್ದು ಅರ್ಧ ಬೆಲೆಗೆ ಸಿಕ್ಕಂತೆ ಕಾಣುತ್ತದೆ ಅಲ್ವಾ? ನೀವು ನಾಲ್ಕು ತಿಂಗಳು ಹೋಗಿ ಬಿಟ್ಟರೆ ತಿಂಗಳಿಗೆ 3,000 ಬಿದ್ದ ಹಾಗಾಯಿತು. ಆರು ತಿಂಗಳಿಗಿಂತ ಜಾಸ್ತಿ ಹೋದರೆ ಮಾತ್ರ ವರ್ಷದ ಪ್ಲಾನ್ ಲಾಭ. ಇದುವರೆಗೆ ಆರು ತಿಂಗಳು ಬಿಡದೆ ಯಾವ ವ್ಯಾಯಾಮವನ್ನೂ ಮಾಡದವರು ಮೊದಲು ಒಂದು ತಿಂಗಳಿಗೆ ಕಟ್ಟಿ, ಆಮೇಲೆ ಮೂರು ತಿಂಗಳಿಗೆ. ಒಂದು ತಿಂಗಳ ಪ್ಲಾನೇ ಇಲ್ಲ ಅನ್ನುವ ಜಿಮ್ಮಿನಲ್ಲಿ ಕನಿಷ್ಠ ಎರಡು ಮೂರು ದಿನದ ಟ್ರಯಲ್ ಕೇಳಿ. ದಿನದ ಲೆಕ್ಕಕ್ಕೆ ದುಡ್ಡು ಕೊಟ್ಟಾದರೂ ಸರಿ.

“ಆಫರ್ ಇವತ್ತು ರಾತ್ರಿಗೆ ಮುಗಿಯುತ್ತೆ” ಅನ್ನುವುದನ್ನು ನಂಬಬೇಡಿ. ಹೊಸ ವರ್ಷ, ಯುಗಾದಿ, ಸ್ವಾತಂತ್ರ್ಯ ದಿನ, ದಸರಾ, ದೀಪಾವಳಿ ಅಂತ ಆಫರ್ ಬರುತ್ತಲೇ ಇರುತ್ತದೆ. ಟ್ರೆಡ್‌ಮಿಲ್ಲಿಗೂ ಅರಿಶಿನ ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುವ ಆಯುಧಪೂಜೆ ದಿನ ಹೋಗಿ ಕೇಳಿ, ಅದೇ ರೇಟಿಗೆ ಕೊಡುತ್ತಾರೆ.

ಬೋರ್ಡಿನಲ್ಲಿ ಕಾಣುವುದರ ಮೇಲೆ ಸೇರುವ ಮತ್ತಿಷ್ಟು ಖರ್ಚು ಕೇಳಿ: ಪ್ರವೇಶ ಶುಲ್ಕ, ಕಾರ್ಡಿಗೆ, ಲಾಕರಿಗೆ, ಪಾರ್ಕಿಂಗಿಗೆ. ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಫೀಸಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. 12,000 ರೂಪಾಯಿಗೆ ಮುಂಚೆ 2,160 ತೆರಿಗೆ ಬೀಳುತ್ತಿತ್ತು, ಈಗ 600. ಇನ್ನೂ ಹಳೇ ಲೆಕ್ಕದಲ್ಲೇ ಕೇಳಿದರೆ ಬಿಲ್ ತೋರಿಸಿ ಅನ್ನಿ. ಬಿಲ್ಲಿನ ಮೇಲೆ 15 ಅಕ್ಷರದ ಜಿಎಸ್‌ಟಿ ನಂಬರ್ ಇರಬೇಕು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ನೋಂದಣಿಯೇ ಇಲ್ಲದ ಸಣ್ಣ ಜಿಮ್ ಜಿಎಸ್‌ಟಿ ಅಂತ ವಸೂಲಿ ಮಾಡುವಂತಿಲ್ಲ.

ಮೂರು ಬಲೆಗಳಿಂದ ದೂರ ಇರಿ.

ಮೊದಲನೆಯದು ಇಎಂಐ. “ಬಡ್ಡಿ ಇಲ್ಲ, ತಿಂಗಳಿಗೆ ಇಷ್ಟೇ” ಅಂದಾಗ ತಿಂಗಳ ಫೀಸ್ ಕಟ್ಟಿದಂತೆ ಅನ್ನಿಸುತ್ತದೆ. ನಿಜಕ್ಕೂ ಅದು ನಿಮ್ಮ ಹೆಸರಿನಲ್ಲಿ ಒಂದು ಹಣಕಾಸು ಕಂಪನಿಯಿಂದ ತೆಗೆದ ಸಾಲ. ಜಿಮ್ಮಿಗೆ ವರ್ಷದ ದುಡ್ಡು ಒಟ್ಟಿಗೆ ಸೇರಿರುತ್ತದೆ. ನಾಳೆ ಜಿಮ್ ಬಾಗಿಲು ಹಾಕಿದರೂ ಕಂಪನಿಯವರು ಕಂತು ಕೇಳುವುದನ್ನು ಬಿಡುವುದಿಲ್ಲ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ತೋರಿಸುವ ಅಂಕ) ಕೆಡುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅದು ಕಾಣುತ್ತದೆ.

ಎರಡನೆಯದು ಇನ್ನೂ ಬಾಗಿಲು ತೆರೆಯದ ಜಿಮ್. ಕಟ್ಟಡಕ್ಕೆ ಸಿಮೆಂಟ್ ಬಳಿಯುತ್ತಿರುವಾಗಲೇ ಕೆಳಗೆ ಮೇಜು ಹಾಕಿ ಮೆಂಬರ್‌ಶಿಪ್ ಮಾರುತ್ತಾರೆ. ಮಷೀನ್ ಬರುವುದು ತಡವಾಗಬಹುದು, ಬಾರದೆಯೂ ಇರಬಹುದು. ಶುರುವಾಗಿ ಎರಡು ತಿಂಗಳು ಕಳೆಯಲಿ, ಆಗಲೂ ಆಫರ್ ಇರುತ್ತದೆ.

ಮೂರನೆಯದು ಯುಪಿಐ ಆಟೋಪೇ, ಅಂದರೆ ಪ್ರತಿ ತಿಂಗಳೂ ತಾನಾಗಿ ದುಡ್ಡು ಕಟ್ ಆಗುವ ವ್ಯವಸ್ಥೆ. ಅನುಕೂಲ ಇದೆ, ಬೇಡ ಅನ್ನುವುದಿಲ್ಲ. ಆದರೆ ಜಿಮ್ ಬಿಟ್ಟ ದಿನ ನಿಮ್ಮ ಯುಪಿಐ ಆ್ಯಪಿನಲ್ಲಿ ಆಟೋಪೇ ವಿಭಾಗಕ್ಕೆ ಹೋಗಿ ನೀವೇ ರದ್ದು ಮಾಡಿ. ಜಿಮ್ಮಿನವರು ಮಾಡುತ್ತಾರೆ ಅಂತ ಕಾಯಬೇಡಿ.

8. ಸಹಿ ಹಾಕುವ ಮುಂಚೆ ಓದಬೇಕಾದ ಸಾಲುಗಳು

ಫಾರಂ ಮನೆಗೆ ತಂದು ಓದಿ. ಕೊಡುವುದಿಲ್ಲ ಅಂದರೆ ಅಲ್ಲೇ ಫೋಟೊ ತೆಗೆದುಕೊಳ್ಳಿ. ಎಲ್ಲ ಓದಲು ಬೇಜಾರಾದರೆ ಈ ಐದನ್ನಾದರೂ ಹುಡುಕಿ.

ಫ್ರೀಜ್: ಊರಿಗೆ ಹೋದಾಗ, ಹುಷಾರಿಲ್ಲದಾಗ ಸದಸ್ಯತ್ವವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಸೌಲಭ್ಯ. ವರ್ಷಕ್ಕೆ ಎಷ್ಟು ದಿನ, ಎಷ್ಟು ಸಲ, ಮುಂಚಿತವಾಗಿ ತಿಳಿಸಬೇಕಾ?

ವರ್ಗಾವಣೆ: ನಿಮಗೆ ಬೇಡವಾದರೆ ಉಳಿದ ತಿಂಗಳನ್ನು ತಮ್ಮನಿಗೋ ಸ್ನೇಹಿತರಿಗೋ ಕೊಡಬಹುದಾ, ಅದಕ್ಕೆ ಶುಲ್ಕ ಎಷ್ಟು?

ವಾಪಸಾತಿ: “ಯಾವ ಕಾರಣಕ್ಕೂ ಹಣ ವಾಪಸ್ ಇಲ್ಲ” ಅಂತ ಅಚ್ಚಾಗಿರುತ್ತದೆ. ನೀವು ಮನಸ್ಸು ಬದಲಿಸಿದ್ದಕ್ಕೆ ಆ ಸಾಲು ತೋರಿಸಿದರೆ ಅದು ಬೇರೆ. ಜಿಮ್ಮೇ ಮುಚ್ಚಿಹೋದರೆ, ಹೇಳಿದ ಸೌಲಭ್ಯವನ್ನೇ ಕೊಡದಿದ್ದರೆ ಆ ಸಾಲಿನ ಹಿಂದೆ ಅವರು ಅಡಗಿಕೊಳ್ಳಲು ಬರುವುದಿಲ್ಲ.

ಜಾಗ ಮತ್ತು ಹೊತ್ತಿನ ಬದಲಾವಣೆ: “ಬೇರೆ ಶಾಖೆಗೆ ಸ್ಥಳಾಂತರಿಸುವ ಹಕ್ಕು ಇದೆ” ಅಂತ ಬರೆದಿದ್ದರೆ ಎಷ್ಟು ದೂರದ ಶಾಖೆ ಅಂತ ಕೇಳಿ. ಜಯನಗರದಲ್ಲಿ ಸೇರಿದವರಿಗೆ ಹೆಬ್ಬಾಳದ ಶಾಖೆ ತೋರಿಸಿದರೆ ಏನು ಮಾಡುವುದು?

ಬಾಯಿಮಾತಿನ ಭರವಸೆ: ಎರಡು ತಿಂಗಳು ಫ್ರೀ, ಪಿ.ಟಿ. ಆರು ಸೆಷನ್ ಫ್ರೀ ಅಂತ ಹೇಳಿದ್ದನ್ನೆಲ್ಲ ರಸೀದಿ ಹಿಂದೆ ಬರೆಸಿ ಸೀಲ್ ಹಾಕಿಸಿ. ಕನಿಷ್ಠ ಅವರ ವಾಟ್ಸ್ಯಾಪಿಗೆ “ನೀವು ಹೇಳಿದಂತೆ ಇಷ್ಟು ತಿಂಗಳು, ಇಷ್ಟು ದುಡ್ಡು, ಇದೆಲ್ಲ ಸೇರಿ” ಅಂತ ಕಳಿಸಿ, ಅವರಿಂದ ಹೌದು ಅನ್ನಿಸಿಕೊಳ್ಳಿ. ಮ್ಯಾನೇಜರ್ ಬದಲಾದ ದಿನ ಇದು ನಿಮ್ಮನ್ನು ಕಾಯುತ್ತದೆ. ಜಿಮ್ಮಿನಲ್ಲಿ ಮ್ಯಾನೇಜರ್ ಬದಲಾಗುವುದು ತೀರಾ ಮಾಮೂಲು.

ದುಡ್ಡು ಯುಪಿಐ ಅಥವಾ ಕಾರ್ಡಿನಲ್ಲೇ ಕೊಡಿ, ಜಿಮ್ಮಿನ ಹೆಸರಿನ ಖಾತೆಗೇ ಹೋಗಲಿ. ಟ್ರೇನರ್‌ನ ಸ್ವಂತ ನಂಬರಿಗೆ ಕಳಿಸಿದರೆ ಆಮೇಲೆ ಕೇಳುವವರಿಲ್ಲ.

9. ಮೊದಲ ತಿಂಗಳು

ವಾರಕ್ಕೆ ಆರು ದಿನ ಅಂತ ಶುರು ಮಾಡಬೇಡಿ, ಮೂರು ದಿನ ಸಾಕು. ಮೊದಲ ವಾರ ಮೈಕೈ ನೋಯುತ್ತದೆ. ಎರಡು ಮೂರು ದಿನದಲ್ಲಿ ಇಳಿಯುವ ಸ್ನಾಯು ನೋವು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಊತ ಸಹಜ ಅಲ್ಲ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ಸ್ನಾಯು ವಿಪರೀತ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಶಕ್ತಿ ಮೀರಿ ಮಾಡಿದಾಗ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುವ ಸ್ಥಿತಿ ಅದು.

ಹೋದ ದಿನವೆಲ್ಲ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿ. ತಿಂಗಳ ಕೊನೆಗೆ ಹತ್ತು ಗೀಟು ದಾಟಿದ್ದರೆ ಮೂರು ತಿಂಗಳಿಗೆ ಕಟ್ಟಿ. ಐದಾರೇ ಇದ್ದರೆ ಯಾಕೆ ಅಂತ ಯೋಚಿಸಿ. ಹೊತ್ತು ಹೊಂದದಿದ್ದರೆ ಹೊತ್ತು ಬದಲಿಸಿ, ಜಿಮ್ ಹೊಂದದಿದ್ದರೆ ನಿಮ್ಮ ಪಟ್ಟಿಯ ಎರಡನೇ ಜಿಮ್ಮಿಗೆ ಹೋಗಿ. ಕಟ್ಟಿದ್ದು ಒಂದು ತಿಂಗಳದ್ದು ಮಾತ್ರ, ಹೋದರೆ ಅಷ್ಟೇ ಹೋಯಿತು.

ದುಡ್ಡು ಸಿಕ್ಕಿಹಾಕಿಕೊಂಡರೆ

ಜಿಮ್ ಮುಚ್ಚಿತು, ಮಾಲೀಕರು ಫೋನ್ ಎತ್ತುತ್ತಿಲ್ಲ ಅಂತಾದರೆ ಮೊದಲು ಲಿಖಿತವಾಗಿ ಕೇಳಿ. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಒಂದು ಪತ್ರ ಹೋಗಲಿ, ರಸೀದಿ ಇಟ್ಟುಕೊಳ್ಳಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತೊಂದರೆ ಆದ ಎರಡು ವರ್ಷದೊಳಗೆ ಕೊಡಬೇಕು. ರಸೀದಿ, ಒಪ್ಪಂದದ ಫೋಟೊ, ವಾಟ್ಸ್ಯಾಪ್ ಸಂದೇಶ, ಬ್ಯಾಂಕಿನ ಸ್ಟೇಟ್‌ಮೆಂಟು, ಬಾಗಿಲು ಹಾಕಿದ ಜಿಮ್ಮಿನ ಫೋಟೊ, ಇಷ್ಟನ್ನು ಜೋಡಿಸಿ. ನಿಮ್ಮಂತೆಯೇ ದುಡ್ಡು ಕಳೆದುಕೊಂಡ ಬೇರೆ ಸದಸ್ಯರು ಸಿಕ್ಕರೆ ಅವರ ಜೊತೆ ಸೇರಿಯೂ ದೂರು ಕೊಡಬಹುದು. ಇಎಂಐನಲ್ಲಿ ಕಟ್ಟಿದ್ದರೆ ಸಾಲ ಕೊಟ್ಟ ಕಂಪನಿಗೂ ಅದೇ ದಿನ ಲಿಖಿತವಾಗಿ ತಿಳಿಸಿ, ಆಯೋಗದ ದೂರಿನಲ್ಲಿ ಆ ಕಂಪನಿಯ ಹೆಸರನ್ನೂ ಸೇರಿಸಿ.